ಸೆಗುಂದಿನಾ ಕಲಿತ ನಾಳೆಯ ಮಾತು

ಹೆಣ್ಣು ಕೇಳಲು ಹೊರಟವಳಿಗೆ ಆ ಹೆಣ್ಣೇ ಮಾತು ಕಲಿಸಿದರೆ ಊರವರು ನಗದೆ ಬಿಡುತ್ತಾರೆಯೇ? ತಿತಿಕಾಕಾ ಸರೋವರದ ದಂಡೆಯ ಆ ಹಳ್ಳಿಯಲ್ಲಿ ಸೆಗುಂದಿನಾ ಹೋದಲ್ಲೆಲ್ಲ ಅದೇ ಕೀಟಲೆ. ನಗಲಿ ಬಿಡಿ, ನಗುವವರ ಮನೆಗೇನು ಸೊಸೆ ಬರಬೇಕಿತ್ತೇ? ಅವಳ ಒಬ್ಬನೇ ಮಗ ಎಲಿಸೆಯೋ ಮನಸ್ಸು ಕೊಟ್ಟದ್ದು ಅಲ್ಲಿನ ಶಾಲೆಗೆ ಟೀಚರಾಗಿ ಬಂದು ಊರ ಮಾತನ್ನೂ ಕಲಿತಿದ್ದ ಎರ್ಲಿಂದಾಗೆ. ಅವಳಪ್ಪ ದೋನ್ ರೋಮುಲೊ ದೂರದ ತಾರಿಹಾದಲ್ಲಿ ಬೇಕರಿ ಇಟ್ಟವನು, ಒಲೆಯಷ್ಟೇ ಬಿಸಿ ತಲೆಯವನು. ಅವನು ಹೇಳಿ ಕಳಿಸಿದ್ದ: "ಹುಡುಗನ ತಾಯಿ ಬರ್ಲಿ. ನನ್ ಮಗಳನ್ನ ಹೆಂಗ್ ನೋಡ್ಕೊಳ್ತಾರೆ ಅಂತ ಅವ್ರ ಬಾಯಲ್ಲೇ, ನನ್ ಭಾಷೇಲೇ ಹೇಳ್ಲಿ. ಮಧ್ಯೆ ಯಾರೂ ಬಾಯಿ ಹಾಕೋ ಹಂಗಿಲ್ಲ."

ಸೆಗುಂದಿನಾಗೆ ಬರುತ್ತಿದ್ದದ್ದು ಊರ ಭಾಷೆ ಐಮಾರಾ. ದೋನ್ ರೋಮುಲೊನ ಸ್ಪ್ಯಾನಿಷ್ ಎಂದರೆ ಸಂತೆಯಲ್ಲಿ 'ಎಷ್ಟು', 'ಬೇಡ' ಎನ್ನುವಷ್ಟು ಮಾತ್ರ. ಗಂಡ ತೀರಿಕೊಂಡಿದ್ದ, ಹೋಗಬೇಕಾದವಳು ಅವಳೇ, ಮಾತಾಡಬೇಕಾದವಳೂ ಅವಳೇ.

ಜೂನ್ ಎಂದರೆ ಅಲ್ಲಿ ಚಳಿಗಾಲ; ಕೊರೆಯುವ ಬೆಳಿಗ್ಗೆ. ಒಣಗಿಸಿಡಲೆಂದು ರಾತ್ರಿಯ ಮಂಜಿಗೆ ಹರಡಿದ್ದ ಆಲೂಗೆಡ್ಡೆಯ ನೀರು ಇಳಿಸಲು ಸೆಗುಂದಿನಾ, ಎರ್ಲಿಂದಾ ಇಬ್ಬರೂ ಬರಿಗಾಲಲ್ಲಿ ತುಳಿಯುತ್ತಿದ್ದರು. ಪಾಠವೂ ಅಲ್ಲೇ.

"ನೋಡ್ಕೊಳ್ಳೋದಕ್ಕೆ 'ಕ್ವಿದಾರ್' ಅಂತೀವಿ. ಅದನ್ನ ಕಡೀಬೇಡಿ, ಕೊಯ್ಬೇಡಿ ಅತ್ತೆ. ಇದ್ದ ಹಾಗೇ ಇಟ್ಟು ಬಾಲ ಅಂಟಿಸಿ. ನಾನು ಅಂದ್ರೆ ಕ್ವಿದರೇ. ನೀನು ಅಂದ್ರೆ ಕ್ವಿದರಾಸ್. ಅವಳು ಅಂದ್ರೆ ಕ್ವಿದರಾ."

"ಹೆಣ್ಣು ಕೇಳೋದಿನ್ನೂ ಬಾಕಿ, ಆಗ್ಲೇ ಅತ್ತೆಯಂತೆ!" ಎಂದಳು ಸೆಗುಂದಿನಾ. ಆದರೆ ಒಂದೊಂದು ತುಳಿತಕ್ಕೆ ಒಂದೊಂದು ಬಾಲ ಹೇಳುತ್ತ ಹೋದಳು. ಕೊಡುವುದು, ಹೊರುವುದು, ಪ್ರೀತಿಸುವುದು, ಎಲ್ಲಕ್ಕೂ ಬಾಲ ಬಂತು.

"ಕೆಲವು ಮೊಂಡು. 'ತೆನೆರ್', ಅಂದ್ರೆ ಇಟ್ಕೊಳ್ಳೋದು, ತೆನೆರೇ ಆಗಲ್ಲ, ತೆಂದ್ರೇ ಆಗುತ್ತೆ."

"ಅದ್ಯಾಕವ್ವಾ?"

"ಹಠ."

"ನನ್ ಗಂಡನ ಜಾತಿ ಅನ್ನು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಎರ್ಲಿಂದಾ ಟೀಚರ ಗತ್ತಿನಲ್ಲಿ ಕೈಯನ್ನು ಎದುರಿಗೆ ಚಾಚಿ, "ಇವೆಲ್ಲ ನಾಳೆಯ ಮಾತು, ಅಂದ್ರೆ ಮುಂದೆ ಇರೋದು" ಎಂದಳು.

ಸೆಗುಂದಿನಾ ತುಳಿಯುವುದನ್ನೇ ನಿಲ್ಲಿಸಿದಳು. "ನಾಳೆ ಮುಂದೆ ಹೆಂಗಿರುತ್ತೆ ಮಗಳೇ? ಮುಂದೆ ಇರೋದು ಕಣ್ಣಿಗೆ ಕಾಣುತ್ತೆ. ಕಂಡಿರೋದು ನಿನ್ನೆ. ನಾಳೇನ ಯಾರ್ ಕಂಡಿದಾರೆ? ಅದು ಬೆನ್ನ ಹಿಂದೆ." ಹಾಗೆಂದು ಭುಜದ ಮೇಲಿಂದ ಕೈಯನ್ನು ಹಿಂದಕ್ಕೆ ಬೀಸಿದಳು. ಆ ಸೀಮೆಯಲ್ಲಿ ಮಕ್ಕಳಿಂದ ಮುದುಕರವರೆಗೆ ನಾಳೆ ಎಂದರೆ ಕೈ ಹೋಗುವುದು ಹಾಗೆಯೇ. ಬಾಲ ಸರಿಯಿದ್ದರೆ ಸಾಕು, ಕೈ ಎತ್ತ ಹೋದರೇನು ಎಂದು ಎರ್ಲಿಂದಾ ನಕ್ಕು ಬಿಟ್ಟುಬಿಟ್ಟಳು. ತಪ್ಪಿದ್ದು ಅಲ್ಲೇ.

ತಾರಿಹಾದ ಮನೆಯಲ್ಲಿ ಬಿಸಿ ಬ್ರೆಡ್ಡಿನ ಘಮ ತುಂಬಿತ್ತು, ಎರ್ಲಿಂದಾ ಅಪ್ಪನ ಪಕ್ಕ ನಿಂತಿದ್ದಳು. ಸೆಗುಂದಿನಾ ಹೆಣ್ಣು ಕೇಳುವ ಶಾಸ್ತ್ರಕ್ಕೆಂದು ತಂದಿದ್ದ ಕೋಕಾ ಎಲೆಯ ಚೀಲವನ್ನು ಮೇಜಿನ ಮೇಲಿಟ್ಟು, ಹ್ಯಾಟು ಸರಿಮಾಡಿಕೊಂಡು ನಿಂತಳು. ಬೆನ್ನಿಗೆ ಬಣ್ಣದ ಪಟ್ಟೆಗಳ ಹಳೆಯ ಹೊದಿಕೆ ಕಟ್ಟಿದ್ದಳು.

"ಹೇಳಿಯಮ್ಮಾ, ನನ್ ಮಗಳನ್ನ ಏನ್ ಮಾಡ್ತೀರಿ?" ಎಂದ ದೋನ್ ರೋಮುಲೊ.

"ನೋಡಿಕೊಳ್ಳುವೆ," ಎಂದಳು ಅವನ ಭಾಷೆಯಲ್ಲೇ, ಒಂದಕ್ಷರ ತಪ್ಪದೆ. ಕೈ ಹಿಂದಕ್ಕೆ ಹೋಯಿತು. "ಪ್ರೀತಿಸುವೆ." ಮತ್ತೆ ಕೈ. "ಉಣಿಸುವೆ." ಮತ್ತೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಕೈಯೂ ಸುಮ್ಮನಿದ್ದರೆ ತಾನೇ? ದೋನ್ ರೋಮುಲೊ ಕುರ್ಚಿ ತಳ್ಳಿ ಎದ್ದ.

"ಏನಿದು ತಮಾಷೆ? ಒಂದ್ ಕಡೆ ಮಾತು ಕೊಡೋದು, ಇನ್ನೊಂದ್ ಕಡೆ ಹಿಂದಕ್ಕೆ ಬಿಸಾಕೋದು! ನನ್ ಮಗಳೇನು ಬಾಳೆಹಣ್ಣಿನ ಸಿಪ್ಪೇನಾ?"

"ಅಪ್ಪಾ, ಅದು ಹಾಗಲ್ಲ—"

"ಬಾಯಿ ಹಾಕ್ಬೇಡ ಅಂದಿದ್ದೆ!" ಎಂದು ಗದರಿ, ಸೆಗುಂದಿನಾಳ ಕೈಯನ್ನೇ ಅಣಕಿಸಿ ತನ್ನ ಕೈ ಹಿಂದಕ್ಕೆ ಬೀಸಿ ತೋರಿಸಿದ.

ಅವನ ಮಾತು ಸೆಗುಂದಿನಾಗೆ ತಿಳಿಯಲಿಲ್ಲ. ಆ ಅಣಕ ತಿಳಿಯಿತು. ಅಯ್ಯೋ, ಕೈಗೆ ಬಂದ ತುತ್ತು ಕೈಯಿಂದಲೇ ಜಾರುತ್ತಿದೆಯಲ್ಲ! ನಡೆದದ್ದನ್ನು ಹೇಳೋಣವೆಂದರೆ ಬರುವುದೆಲ್ಲ ಬರೀ ನಾಳೆಯ ಮಾತು. ನಿನ್ನೆಯ ಒಂದು ಪದವನ್ನೂ ಕಲಿತಿರಲಿಲ್ಲ.

ಅವಳು ಬೆನ್ನಿನ ಹೊದಿಕೆ ಬಿಚ್ಚಿ ಮೇಜಿನ ಮೇಲೆ ಹಾಸಿದಳು. ನಡುವೆ ಸವೆದು ತೆಳ್ಳಗಾಗಿದ್ದ ಜಾಗವನ್ನು ಮುಟ್ಟಿ, "ಎಲಿಸೆಯೋ," ಎಂದಳು. ಆಳೆತ್ತರ ಬೆಳೆದ ಮಗನನ್ನಲ್ಲ, ಒಂದು ಮೊಳದ ಕೂಸನ್ನು ಕೈಯಲ್ಲಿ ಅಳೆದು ತೋರಿಸಿದಳು. ಬರಿಗೈಯಲ್ಲೇ ಕೂಸನ್ನು ಎತ್ತಿ, ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಂಡು, ಎದೆಯ ಮೇಲೆ ಗಂಟು ಬಿಗಿದಂತೆ ಮಾಡಿದಳು. ಬೆನ್ನು ಬಗ್ಗಿಸಿ ಮೆಲ್ಲಗೆ ತೂಗಿದಳು. ಮತ್ತೆ ಕೈಯನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಒಯ್ದು, "ಎರ್ಲಿಂದಾ," ಎಂದಳು. "ಹೊರುವೆ."

ಎರ್ಲಿಂದಾ ಅಳುತ್ತಿದ್ದಳು. ದೋನ್ ರೋಮುಲೊ ಮೇಜಿನ ಮೇಲಿನ ಆ ಹೊದಿಕೆಯ ಸವೆದ ಜಾಗವನ್ನು ತನ್ನ ಹಿಟ್ಟು ಮೆತ್ತಿದ ಬೆರಳಿನಿಂದ ಸವರಿದ.

"ನನ್ ಮಗಳು ಸ್ವಲ್ಪ ಭಾರ ಕಣಮ್ಮಾ," ಎಂದ ಕೊನೆಗೆ. "ನನ್ ಬ್ರೆಡ್ ತಿಂದು ಬೆಳೆದೋಳು."

"ಅಪ್ಪಾ!"

ಸೆಗುಂದಿನಾ ಅವನ ಮುಖವನ್ನೇ ನೋಡುತ್ತಿದ್ದಳು; ಏನೆಂದನೋ ಗೊತ್ತಾಗಲಿಲ್ಲ. ಆಗ ಅವನು, "ಮದ್ವೆಗೆ ನಾವೆಲ್ಲ ಬರ್ತೀವಿ, ಬೀಗಿತ್ತಿ" ಎಂದು, ಕೈಯನ್ನು ಅಂಕುಡೊಂಕಾಗಿ ತನ್ನ ಭುಜದ ಮೇಲಿಂದ ಹಿಂದಕ್ಕೆ ಒಯ್ದ. ಅಷ್ಟು ನೋಡಿದ್ದೇ ತಡ, ಸೆಗುಂದಿನಾ ಕುರ್ಚಿಯಲ್ಲಿ ಕುಸಿದು ಕೂತು ಹ್ಯಾಟಿನಿಂದ ಮುಖ ಮುಚ್ಚಿಕೊಂಡು ಅತ್ತಳು.