ತಂಬಿಗೆ ತುಳುಕಿದ ಕಾರು

ಗಾಜಿನ ಬಾಗಿಲ ಹತ್ತಿರವೇ ನಿಲ್ಲು ಎಂದಿದ್ದರು, ಚಂದ್ರಾಮ ಅಲ್ಲೇ ನಿಂತಿದ್ದ. ಉಪ್ಪಲ್‌ನ ಆ ಶೋರೂಮಿನ ನೆಲ ಎಷ್ಟು ನುಣುಪೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಒಳಗೆ ಎರಡು ಕಾರು. ಒಂದು ಕರಿಯದು, ಪೆಟ್ರೋಲಿನದು, ಬೀಗರ ಮನೆಗೆ ಬಂದ ಹಿರಿಯನ ಹಾಗೆ ಅಗಲವಾಗಿ ಕೂತಿತ್ತು. ಇನ್ನೊಂದು ಬಿಳಿಯದು, ಕರೆಂಟಿನದು, ಮೊಲ ಕಂಡ ನಾಯಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಕರಿ ಕಾರಿನ ಪಕ್ಕ ಸಾಹುಕಾರ ಸಿದ್ದರಾಮಪ್ಪ, ಬಿಳಿ ಕಾರಿನ ಪಕ್ಕ ಅವರ ಮಗ ಶಿವಪ್ರಕಾಶ. ನಡುವೆ ಕುರ್ಚಿಯಲ್ಲಿ ಸಾಹುಕಾರರ ತಾಯಿ ಅಂಬವ್ವ, ತೊಡೆಯ ಮೇಲೆ ಮುಚ್ಚಳ ಹಾಕಿದ ಮಜ್ಜಿಗೆ ತಂಬಿಗೆ.

ತಂಬಿಗೆ ಅವರ ಮನೆತನದ ಪದ್ಧತಿ. ಲಿಂಗಸುಗೂರಿನ ಕಡೆ ಎತ್ತಿನ ಚಕ್ಕಡಿ ಇದ್ದ ಕಾಲದಿಂದ ಬಂದದ್ದು. ಹೊಸ ಬಂಡಿ ಕೊಳ್ಳುವ ಮುಂಚೆ ಮನೆಯ ಹಿರಿಯಳು ಕಂಠದವರೆಗೆ ಮಜ್ಜಿಗೆ ತುಂಬಿದ ತಂಬಿಗೆಯನ್ನು ಮುಚ್ಚಳ ತೆಗೆದು ಹಿಡಿದು ಹಿಂದೆ ಕೂರಬೇಕು. ತುಳುಕಿದರೆ ಬಂಡಿ ಮನೆಗೆ ಬರುವುದಿಲ್ಲ. ಹೈದರಾಬಾದಿಗೆ ಬಂದು ಬೇಗಂ ಬಜಾರಿನಲ್ಲಿ ಬೇಳೆ ವ್ಯಾಪಾರ ಹಿಡಿದು, ಮಲ್ಕಾಜ್‌ಗಿರಿಯಲ್ಲಿ ಮೂರು ಅಂತಸ್ತು ಕಟ್ಟಿದರೂ ಆ ಪದ್ಧತಿ ಬಿಟ್ಟಿರಲಿಲ್ಲ.

ಚಂದ್ರಾಮನಿಗೆ ಬೆಳಗಿನಿಂದ ಸಿಟ್ಟಿತ್ತು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು, ಆರು ವರ್ಷದಿಂದ ಈ ಮನೆಯ ಡ್ರೈವರ್. ಮನೆಯ ಹಿಂದಿನ ಒಂದು ಕೋಣೆಯಲ್ಲಿ ಅವನೂ ಹೆಂಡತಿ ಗುರುದೇವಿಯೂ ಸಂಸಾರ ಮಾಡಿಕೊಂಡಿದ್ದರು. ಗಾಡಿಯ ವಿಷಯದಲ್ಲಿ ಅಂಬವ್ವ ನಂಬುವುದು ಅವನ ಮಾತನ್ನೇ. ಅದಕ್ಕೇ ಬೆಳಗ್ಗೆ ಕಾರು ಒರೆಸುವಾಗ ಸಾಹುಕಾರರು ಬಂದು, "ಚಂದ್ರಾಮ, ಯವ್ವ ಕೇಳಿದ್ರ ಪೆಟ್ರೋಲಿಂದ ಛಲೋ ಅಂತ ಹೇಳು. ಕರೆಂಟಿಂದು ತಂದ್ರ ಪ್ರಕಾಶ ತಾನ ಹೊಡ್ಕೊಂಡ ತಿರಗ್ತಾನ. ಆಮ್ಯಾಲ ನಿನಗ ಇಲ್ಲೇನು ಕೆಲಸ?" ಎಂದಿದ್ದರು. ಅರ್ಧ ಗಂಟೆಯ ಮೇಲೆ ಶಿವಪ್ರಕಾಶ ಬಂದು, "ಕರೆಂಟಿಂದು ಅನ್ನು. ನಿನ್ನ ಬಿಡೂದಿಲ್ಲಲೇ, ಗೋಡೌನ್‌ನ್ಯಾಗ ಚೀಲ ನೋಡ್ಕೊಂಡಿರು" ಎಂದಿದ್ದ. ಒಬ್ಬರು ಹೆದರಿಸಿದರು, ಒಬ್ಬ ಲಂಚ ತೋರಿಸಿದ. ಆರು ವರ್ಷ ಸ್ಟೇರಿಂಗ್ ಹಿಡಿದವನಿಗೆ ಏನನ್ನಿಸುತ್ತದೆ ಎಂದು ಇಬ್ಬರ ಬಾಯಿಂದಲೂ ಬರಲಿಲ್ಲ.

ಮೊದಲು ಕರಿ ಕಾರು. ಶೋರೂಮಿನವನೇ ಓಡಿಸಿದ. ಮೆಟ್ರೋ ಡಿಪೋದವರೆಗೆ ಹೋಗಿ ಬಂದರು, ಒಂದು ಹನಿ ಚೆಲ್ಲಲಿಲ್ಲ. ಸಿದ್ದರಾಮಪ್ಪನವರು ಮೀಸೆ ಮುಟ್ಟಿಕೊಂಡರು.

ಆಮೇಲೆ ಬಿಳಿ ಕಾರು. ಶಿವಪ್ರಕಾಶ ತಾನೇ ಓಡಿಸುತ್ತೇನೆಂದು ಕೂತ. ಸೇಲ್ಸ್‌ನ ರವಿಕಿರಣ ಏನೇನೋ ವಿವರಿಸಿದ: ಇದಕ್ಕೆ ಗೇರಿಲ್ಲ, ಕಾಲು ಒತ್ತಿದರೆ ನಾಲ್ಕು ಸೆಕೆಂಡಿಗೆ ನೂರು, ಕಾಲು ಎತ್ತಿದರೆ ತಾನೇ ಬ್ರೇಕ್ ಹಿಡಿಯುತ್ತದೆ. ಶಿವಪ್ರಕಾಶನ ಕಿವಿಗೆ ನೂರು ಎಂಬುದೊಂದೇ ಬಿತ್ತು. ಬಾಗಿಲಲ್ಲಿ ನಿಂತಿದ್ದ ಚಂದ್ರಾಮ ಎಲ್ಲವನ್ನೂ ಕೇಳಿಸಿಕೊಂಡ.

ಹತ್ತು ನಿಮಿಷದಲ್ಲಿ ವಾಪಸು ಬಂದರು. ಅಂಬವ್ವ ಇಳಿದಾಗ ಸೀರೆ ಸೊಂಟದಿಂದ ಮೊಣಕಾಲವರೆಗೆ ಮಜ್ಜಿಗೆ. "ಏನ್ ಗಾಡ್ಯೋ ಯಪ್ಪಾ, ನನ್ನ ಕುತ್ತಿಗಿ ಇಲ್ಲೇ ಐತೇನ್ ನೋಡು" ಎಂದಳು. ಸೀಟಿನ ಮೇಲೆ ಕರಿಬೇವಿನ ಎಲೆ ಅಂಟಿತ್ತು.

"ಮುಗೀತು!" ಸಿದ್ದರಾಮಪ್ಪನವರ ದನಿಯಲ್ಲಿ ಹಬ್ಬ. "ತಂಬಿಗಿ ತುಳುಕಿದ ಗಾಡಿ ನಮ್ಮನಿಗಿ ಬರಂಗಿಲ್ಲ. ಕರೀದು ಬರಕೋರಿ."

ರವಿಕಿರಣ ಒಂದು ಬಟ್ಟೆ ತಂದು ಚಂದ್ರಾಮನ ಎದೆಗೆ ಒತ್ತಿದ. "ಕೊಂಚಂ ತುಡುವು" ಎಂದು ತೆಲುಗಿನಲ್ಲಿ ಹೇಳಿ ಒರೆಸಬೇಕಾದ ಸೀಟು ತೋರಿಸಿದ.

ಒರೆಸಿ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಕರಿ ಕಾರು ಬರುತ್ತಿತ್ತು, ಕೆಲಸ ಉಳಿಯುತ್ತಿತ್ತು, ಕೋಣೆ ಉಳಿಯುತ್ತಿತ್ತು. ಚಂದ್ರಾಮನಿಗೆ ಇದೆಲ್ಲ ಗೊತ್ತಿತ್ತು. ಆದರೆ ಕೈಯಲ್ಲಿದ್ದ ಆ ಬಟ್ಟೆ ನೋಡಿ ಅವನ ತಲೆಗೆ ರಕ್ತ ಏರಿತು. ಚೆಲ್ಲಿದವನು ಒಬ್ಬ, ಬೈಸಿಕೊಳ್ಳುವುದು ಗಾಡಿ, ಒರೆಸುವವನು ತಾನು!

"ಗಾಡಿದೇನ ತಪ್ಪಿಲ್ರಿ ಸಾವ್ಕಾರ್ರ" ಎಂದ. "ತಪ್ಪು ಕಾಲಿಂದು."

ಎಲ್ಲರೂ ತಿರುಗಿದರು.

"ಕಾಲು ಗಪ್ಪನ ಎತ್ತಿದ್ರ ಅದು ಗಪ್ಪನ ನಿಲ್ತೈತಿ. ಇವ್ರು ಹೇಳಲಿಲ್ಲೇನು? ಎಮ್ಮಿ ಕೆಚ್ಚಲಕ್ಕ ಕೈ ಹಾಕಿದಂಗ ಮೆತ್ತಗ ಹಾಕಬೇಕು, ಮೆತ್ತಗ ತಗೀಬೇಕು. ಕೊಡ್ರಿ, ನಾ ತೋರಸ್ತೀನಿ."

ರವಿಕಿರಣ ನಕ್ಕ. "ಡ್ರೈವರ್ಲಕು ಅಲೌ ಲೇದಂಡಿ. ಓನರ್‌ಗಳು ಮಾತ್ರ."

"ಯಾಕ್ರಿ? ತಗೊಂಡ ಮ್ಯಾಲ ಹೊಡ್ಯಾಂವ ಯಾರು, ನಿಮ್ಮಪ್ಪನೇನು?" ಜೇಬಿನಿಂದ ಲೈಸೆನ್ಸ್ ತೆಗೆದು ಕರಿ ಕಾರಿನ ಬಾನೆಟ್ಟಿನ ಮೇಲೆ ಬಡಿದ. "ಈ ಮನಿತನದ ನಾಕ ಜೀವ ಆರು ವರ್ಷ ಈ ಕೈಯಾಗ ಓಡ್ಯಾಡ್ಯಾವ. ಒಂದು ಗೀರಿಲ್ಲ. ಹತ್ತು ನಿಮಿಷದಾಗ ಮುದುಕಿ ಕುತ್ತಿಗಿ ತಿರಿವಿದವ್ರಿಗೆ ಕೊಡ್ತೀರಿ, ನನಗ ಕೊಡಂಗಿಲ್ಲ?"

"ಚಂದ್ರಾಮ, ಬಾಯಿ ಹಿಡಿ" ಎಂದರು ಸಾಹುಕಾರರು.

ಅಷ್ಟರಲ್ಲಿ ಅಂಬವ್ವ ಸೆರಗು ಹಿಂಡುತ್ತ ರವಿಕಿರಣನಿಗೆ, "ಏ ಹುಡುಗಾ, ತಂಬಿಗಿ ತುಂಬಿಸ್ಕೊಂಡ ಬಾ. ಇಂವ ಹೊಡೀಲಿ. ಹಳ್ಳಕ್ಕ ಬಿದ್ದರ ನಾ ಬೀಳ್ತೀನಿ, ನಿಮಗೇನು?" ಎಂದಳು. ಮಜ್ಜಿಗೆ ಉಳಿದಿರಲಿಲ್ಲ. ಶೋರೂಮಿನ ನೀರನ್ನೇ ಕಂಠಮಟ ತುಂಬಿದರು.

ಚಂದ್ರಾಮ ಕೂತ. ಗಾಡಿ ಶುರುವಾಯಿತೋ ಇಲ್ಲವೋ ತಿಳಿಯಲಿಲ್ಲ, ಸದ್ದೇ ಇಲ್ಲ. ಇಷ್ಟು ವರ್ಷ ಕಿವಿಯಿಂದ ಗಾಡಿ ಓಡಿಸಿದವನು ಒಂದು ಕ್ಷಣ ಕಿವುಡನಾದ. ಆಮೇಲೆ ಬೆರಳ ತುದಿಗೆ, ಹಿಮ್ಮಡಿಗೆ ಅದು ಸಿಕ್ಕಿತು. ಕಾಲು ಒತ್ತಿದಷ್ಟು ಬಂತು, ಬಿಟ್ಟಷ್ಟು ನಿಂತಿತು. ಇಂಥ ಗಾಡಿಗೆ ಕೆಟ್ಟ ಹೆಸರು ಅಂಟಿಸಿದರಲ್ಲ ಎಂದು ಮತ್ತೊಮ್ಮೆ ಸಿಟ್ಟು ಬಂತು. ಅದೇ ರಸ್ತೆ, ಅವೇ ಸ್ಪೀಡ್ ಬ್ರೇಕರು, ಅಡ್ಡ ಬಂದ ಒಂದು ಆಟೋ. ಹಿಂದಿನಿಂದ ಅಂಬವ್ವ, "ನಿದ್ದಿ ಬರಾಕತ್ತೈತೋ" ಎಂದಳು.

ತಿರುಗಿ ಬಂದಾಗ ತಂಬಿಗೆ ಹೇಗಿತ್ತೋ ಹಾಗೇ ಇತ್ತು. ಶಿವಪ್ರಕಾಶ ಕುಣಿದು ಚಂದ್ರಾಮನ ಹೆಗಲು ಬಡಿದ. "ನೋಡಿದೇನಪ್ಪಾ? ನಾ ಹೇಳಿದ್ದಿಲ್ಲೇನು?"

"ಇನ್ನೂ ಮಾತು ಮುಗಿದಿಲ್ರಿ ಸಣ್ಣ ಸಾವ್ಕಾರ್ರ" ಎಂದ ಚಂದ್ರಾಮ. "ಗಾಡಿ ಹುಲಿ ಐತಿ, ಖರೆ. ಆದ್ರ ಬ್ಯಾಟರಿ ತಳದಾಗ ಐತಿ, ಹಿಂದ ನೆಲ ಎತ್ರ. ಆಯಿ ಮೊಣಕಾಲು ಎದಿಗಿ ಬಂದಿದ್ವು, ಕನ್ನಡ್ಯಾಗ ನೋಡೀನಿ. ಊರತನಕ ಹಿಂಗ ಕುಂತ್ರ ಇಳಿಸಾಕ ಇಬ್ಬರು ಬೇಕು. ಹೊಡ್ಯಾವ್ರಿಗೆ ಇದು, ಕೂಡಾವ್ರಿಗೆ ಆ ಕರೀದು. ನಿಮಗ ಬೇಕಾದ್ರ ತಗೋರಿ, ಆದ್ರ ಮೊದಲು ಕಾಲು ಕಲೀರಿ. ಈ ಕಾಲಿಗೆ ಈ ಗಾಡಿ ಕೊಟ್ರ ಯಾರರೆ ಸಾಯ್ತಾರ."

ಶಿವಪ್ರಕಾಶನ ಕೈ ಹೆಗಲಿನಿಂದ ಇಳಿಯಿತು. ಬೆಳಗಿನಿಂದ ಜಗಳವಾಡುತ್ತಿದ್ದ ಅಪ್ಪ-ಮಗ ಮೊದಲ ಸಲ ಒಂದಾದರು.

"ಯಾರ ಉಪ್ಪು ತಿಂದು ಯಾರಿಗೆ ಬುದ್ಧಿ ಹೇಳ್ತೀಲೇ?" ಸಿದ್ದರಾಮಪ್ಪನವರು ಶೋರೂಮು ನಡುಗುವಂತೆ ಕೂಗಿದರು. ಕಾಫಿ ಕುಡಿಯುತ್ತಿದ್ದ ಗಿರಾಕಿಗಳು ಕತ್ತು ಚಾಚಿದರು. "ಇವತ್ತಿಗೆ ನಿನ್ನ ಕೆಲಸ ಮುಗೀತು. ಕೀಲಿ ಇಟ್ಟು ನಡಿ!"

ಚಂದ್ರಾಮ ಮನೆಯ ಕಾರಿನ ಕೀಲಿಯನ್ನು ಗಾಜಿನ ಮೇಜಿನ ಮೇಲೆ ಇಟ್ಟ. ಬಟ್ಟೆಯನ್ನು ರವಿಕಿರಣನ ಕೈಗೆ ಕೊಟ್ಟ. ಲೈಸೆನ್ಸ್ ಎತ್ತಿಕೊಂಡು ಹೊರಬಿದ್ದ.

ಮೆಟ್ರೋ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹಿಂದೆ ಗರ್ರ್ ಗರ್ರ್ ಎಂಬ ಸದ್ದು. ಮನೆಯ ಹಳೆಯ ಕಾರು ಶೋರೂಮಿನ ಮುಂದೆ ಕಪ್ಪೆಯ ಹಾಗೆ ಎರಡು ಸಲ ಜಿಗಿದು ಸತ್ತಿತು. ಅದು ಕ್ಲಚ್ಚಿನ ಗಾಡಿ. ಗೆಳೆಯರ ಆಟೊಮ್ಯಾಟಿಕ್ ಓಡಿಸಿ ಕಲಿತ ಶಿವಪ್ರಕಾಶನಿಗೆ ಅದರ ಗೇರು ಗೊತ್ತಿರಲಿಲ್ಲ. ಸಾಹುಕಾರರು ಸ್ಟೇರಿಂಗ್ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕಿಟಕಿಯಿಂದ ಅಂಬವ್ವನ ಕೈ ಹೊರಗೆ ಬಂತು. "ಚಂದ್ರಾಮಾ! ಬಾರೋ ಯಪ್ಪಾ, ಇವ್ರು ನನ್ನ ಇಲ್ಲೇ ಹುಗೀತಾರ!"

ಮುದುಕಿಗಾಗಿ ತಿರುಗಿದ. ಬಂದು ಮುಂದಿನ ಎಡಗಡೆಯ ಬಾಗಿಲು ತೆಗೆದು ಆರಾಮ ಕೂತ, ಬೆಲ್ಟು ಹಾಕಿಕೊಂಡ.

"ಆ ಕಡಿ ಕುಂದ್ರೋ" ಎಂದರು ಹಿಂದಿದ್ದ ಸಾಹುಕಾರರು.

"ಕೆಲಸ ಮುಗೀತಲ್ರಿ. ಈಗ ನಾ ಪ್ಯಾಸೆಂಜರ್." ಶಿವಪ್ರಕಾಶನ ಕಡೆ ತಿರುಗಿದ. "ಕ್ಲಚ್ ಪೂರಾ ಒತ್ರಿ. ಒಂದನೇ ಗೇರು. ಈಗ ಕ್ಲಚ್ ಮೆತ್ತಗ ಬಿಡ್ರಿ. ಮೆತ್ತಗಂದ್ರ ಮೆತ್ತಗ!"

ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಗಾಡಿ ಮತ್ತೆ ಸತ್ತಿತು. ಹಿಂದೆ ಬಸ್ಸು, ಲಾರಿ, ಐವತ್ತು ಬೈಕು, ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆದವು. ಒಬ್ಬ ಬೈಕಿನವನು ಕಿಟಕಿಗೆ ಬಗ್ಗಿ ಹಿಂದಿಯಲ್ಲಿ ಅಪ್ಪ-ಅಜ್ಜನವರೆಗೆ ಬೈದು ಹೋದ. ಶಿವಪ್ರಕಾಶನ ಕುತ್ತಿಗೆಯಿಂದ ಬೆವರು ಸುರಿಯುತ್ತಿತ್ತು.

"ಆತಪ, ಆದದ್ದಾತು" ಎಂದರು ಸಿದ್ದರಾಮಪ್ಪನವರು, ಮೆಲ್ಲಗೆ. "ಕೆಲಸ ಐತಿ ಅಂತ ತಿಳಕೊ. ಹಿಡಿ ಸ್ಟೇರಿಂಗು."

"ತಿಳಕೊಳ್ಳಂಗಿಲ್ರಿ. ತಗೀವಾಗ ನಾಕ ಮಂದಿ ಮುಂದ ಒದರಿ ತಗದೀರಿ. ತಪ್ಪಾತು ಅಂತ ಈಗ ಇಳದು ಈ ಮಂದಿ ಮುಂದ ಅಷ್ಟ ಜೋರಲೇ ಒದರ್ರಿ. ಹಿಡೀತೀನಿ."

ಸಾಹುಕಾರರು ಕಿಟಕಿಯ ಆಚೆ ನೋಡಿದರು. ಹಾರ್ನುಗಳು ಹೊಡೆಯುತ್ತಲೇ ಇದ್ದವು. ಅವರು ಗಾಜು ಏರಿಸಿಕೊಂಡರು.

"ಕ್ಲಚ್ ಒತ್ರಿ" ಎಂದ ಚಂದ್ರಾಮ.

ಮಲ್ಕಾಜ್‌ಗಿರಿ ಮುಟ್ಟುವ ಹೊತ್ತಿಗೆ ಗಾಡಿ ಏಳು ಸಲ ಸತ್ತಿತ್ತು. ಕೊನೆಯ ಎರಡು ಕಿಲೋಮೀಟರು ಒಮ್ಮೆಯೂ ಸಾಯಲಿಲ್ಲ. ಗೇಟಿನ ಒಳಗೆ ನಿಂತಾಗ ಶಿವಪ್ರಕಾಶ ಸ್ಟೇರಿಂಗ್ ಬಿಡದೆ, ಅಪ್ಪನಿಗೆ ಕೇಳಿಸದ ಹಾಗೆ ಕೇಳಿದ: "ಖರೆ ಹೇಳು, ಯಾವ್ದು ತಗೊಳ್ಳೂನು?"

ಅಂಬವ್ವನನ್ನು ಬಿಟ್ಟರೆ ಆ ಮನೆಯವರೊಬ್ಬರು ಅವನ ಅಭಿಪ್ರಾಯ ಕೇಳಿದ್ದು ಆರು ವರ್ಷದಲ್ಲಿ ಅದೇ ಮೊದಲು.

"ಹೇಳಬೇಕಾದ್ದು ಅಲ್ಲೇ ಹೇಳೀನ್ರಿ, ಎಲ್ಲಾರ ಮುಂದ" ಎಂದ ಚಂದ್ರಾಮ. ಅಂಬವ್ವನ ಕೈಹಿಡಿದು ಇಳಿಸಿ ಕಟ್ಟೆಯ ಮೇಲೆ ಕೂರಿಸಿದ. ಹಿತ್ತಲಲ್ಲಿ ಗುರುದೇವಿ ಬಟ್ಟೆ ಒಣಹಾಕುತ್ತಿದ್ದಳು.

"ಅವನ್ನ ಹಸಿ ಇದ್ದಂಗ ಮಡಚು" ಎಂದು ಇಡೀ ಮನೆಗೆ ಕೇಳುವಂತೆ ಕೂಗಿದ. "ಹೊಂಡೂನು!"