ಬೊಮ್ಮಿಯ ಹಗಲುನಿದ್ದೆ

"ಬಿಚ್ಚೇ ಅದನ್ನ, ಬೋಳಿಮಗಳೆ. ಕಲ್ಲು ಹೊರೂ ಕೈಗೆ ವಾಚು ಬೇರೆ ಕೇಡು."

ಅಂಕೋಲೆಯಾಚೆಯ ಜಲ್ಲಿ ಕ್ರಷರಿನ ಮ್ಯಾನೇಜರ್ ವಿಕಾಸ ಕೈ ಚಾಚಿ ನಿಂತಿದ್ದ. ಬೊಮ್ಮಿ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.

"ವಾಚಲ್ಲ ಒಡ್ಯಾ. ಕಾರವಾರದ ಅಕ್ಕೋರು ಕಟ್ಟಿ ಹೋಗಿದ್ರು. ಇದು ನಾಡಿ ನೋಡ್ತದಂತೆ. ಈ ಕೊರಳಿನ ಡಬ್ಬಿ ಧೂಳು ನೋಡ್ತದಂತೆ."

"ಧೂಳು ನೋಡುಕೆ ಡಬ್ಬಿ ಎಂತಕ್ಕೆ? ನಿನ್ನ ಮೋರೆ ಸಾಲುದಿಲ್ವಾ?"

ಧೂಳಿನ ಸುದ್ದಿ ಮೇಲಿನವರಿಗೆ ಹೋದರೆ ನೀರು ಚಿಮುಕಿಸುವ ಕೊಳವೆ ಹಾಕಬೇಕು, ಅಲ್ಲಿಯತನಕ ಯಂತ್ರ ನಿಲ್ಲಿಸಬೇಕು. ವಿಕಾಸನಿಗೆ ಅದು ಗೊತ್ತಿತ್ತು. ಜೊತೆಗೆ ಕಲ್ಲು ಹೊರುತ್ತಿದ್ದ ಗಂಗೆ, ಜಯಂತಿಯರದ್ದನ್ನೂ ಬಿಚ್ಚಿಸಿಕೊಂಡ. ನಾಡಿ ಸಿಗದಿದ್ದರೆ ಕಳ್ಳತನ ಬಯಲಾಗುತ್ತದೆಂದು ವಾಚಿನಂಥ ಆ ಮೂರೂ ಪಟ್ಟಿಗಳನ್ನು ಬಳೆಯಂತೆ ತನ್ನ ಕೈಗೇ ಏರಿಸಿದ. ಡಬ್ಬಿಗಳನ್ನು ಮೇಜಿನ ಮೇಲಿಟ್ಟು, ಏಸಿ ಹಾಕಿ, ಕ್ಯಾಬಿನ್ನಿನ ಬಾಗಿಲು ಮುಚ್ಚಿಕೊಂಡ. ಸಂಜೆ ವಾಪಸು ಕೊಡುವಾಗ ಹೇಳಿದ: "ಬಾಯಿ ಬಿಟ್ರೆ ನಾಳೆಯಿಂದ ಈ ಬದಿಗೆ ಬರೂದು ಬೇಡ."

ವಾರವಿಡೀ ಹೀಗೇ ನಡೆಯಿತು.

ಒಂದು ಮಧ್ಯಾಹ್ನ, ಹೆಂಗಸರು ಗಂಜಿಯ ಪಾತ್ರೆ ತೊಳೆಯುತ್ತಿದ್ದಾಗ ಮಾನಸಾ ಬಂದಳು. ಧೂಳು ಜನರ ಉಸಿರಿಗೆ ಏನು ಮಾಡುತ್ತದೆಂದು ಅಧ್ಯಯನ ಮಾಡುತ್ತಿದ್ದವಳು, ಪಟ್ಟಿ ಕಟ್ಟಿ ಹೋದವಳು ಅವಳೇ. ಪಟ್ಟಿ, ಡಬ್ಬಿಗಳ ಲೆಕ್ಕ ಬಂದು ಬೀಳುವ ಮೊಬೈಲ್ ನೋಡಿ ಹುಬ್ಬು ಗಂಟಿಕ್ಕಿದಳು.

"ಬೊಮ್ಮಕ್ಕಾ, ನೀವು ಊಟ ಆದ್ಮೇಲೆ ದಿನಾ ಮಲಗ್ತೀರಾ?"

"ನಾನಾ?"

"ನೀವು ಮೂವರೂ. ಒಂದೇ ಸಲ ನಿದ್ದೆ ಹೋಗ್ತೀರಿ, ಒಂದೇ ಸಲ ಏಳ್ತೀರಿ. ಗಾಳಿ ನೋಡಿದ್ರೆ ಕಡಲ ಬದಿಗಿಂತ ಇಲ್ಲೇ ಚೊಕ್ಕ ಅಂತಿದೆ."

ಗಂಗೆ ಸೆರಗು ಬಾಯಿಗೊತ್ತಿಕೊಂಡಳು. ತಡೆದ ನಗು ಕೆಮ್ಮಾಗಿ ಹೊರಬಂತು.

ವಿಕಾಸ ಕೈಯ ಪಟ್ಟಿಗಳನ್ನು ಬಿಚ್ಚಿ ಜೇಬಿಗೆ ತುರುಕುತ್ತ ಓಡಿಬಂದ. "ಹೌದು ಮೇಡಂ. ಕೆಲಸದವರಿಗೆ ರೆಸ್ಟ್ ಬೇಕಲ್ಲ. ನಮ್ಮ ಕ್ಯಾಬಿನ್ನಿಗೇ ಕರೆದು ಮಲಗಿಸ್ತೇವೆ. ಅವಳನ್ನೇ ಕೇಳಿ." ಬೊಮ್ಮಿಯತ್ತ ಕಣ್ಣು ಕೆಕ್ಕರಿಸಿದ.

ಬೊಮ್ಮಿ ಕೈಯ ನೀರು ಸೀರೆಗೆ ಒರೆಸಿಕೊಂಡಳು.

"ಖರೆ ಅಕ್ಕೋರೆ. ಒಡೀರು ಸುಳ್ಳು ಹೇಳೂ ಜನ ಅಲ್ಲ. ಈಗಲೂ ಊಟ ಆಯ್ತಲ್ಲ, ಕಣ್ಣು ಎಳೀತಾ ಅದೆ."

ಅವಳು ಕ್ಯಾಬಿನ್ನಿನ ಬಾಗಿಲು ತಳ್ಳಿ, ಧೂಳುಗಾಲಲ್ಲೇ ಒಳಗೆ ಹೋಗಿ, ಹೊಳೆಯುವ ನೆಲದ ಮೇಲೆ ಕಾಲು ಚಾಚಿ ಮಲಗಿದಳು. ಹಿಂದೆಯೇ ಗಂಗೆ. ಜಯಂತಿ ಮ್ಯಾನೇಜರನ ಕುರ್ಚಿಯ ದಿಂಬು ಎಳೆದು ತಲೆಗಿಟ್ಟುಕೊಂಡಳು.

ಹೊರಗೆ ಯಂತ್ರ ಕಲ್ಲಿಲ್ಲದೆ ಬರಿದೇ ಗಡಗಡಿಸತೊಡಗಿತು. ಟಿಪ್ಪರಿನವನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ವಿಕಾಸ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿ ಪಿಸುಗುಟ್ಟಿದ: "ಏಳ್ರೇ, ರಂಡೇರಾ."

"ಅಕ್ಕೋರೆ," ಮಲಗಿದಲ್ಲಿಂದಲೇ ಬೊಮ್ಮಿ ಕೂಗಿದಳು, "ಮೇಜಿನ ಮೇಲಿನ ಆ ಡಬ್ಬಿ ಇವ್ರ ಕೊರಳಿಗೆ ಹಾಕಿ. ನಾವು ಮಲಗಿದಾಗ ಕಲ್ಲು ಹೊರೂದು ಇವ್ರೇ ಅಲ್ದಾ?"

ಮಾನಸಾ ವಿಕಾಸನ ಮಣಿಕಟ್ಟು ನೋಡಿದಳು. ಪಟ್ಟಿಗಳ ಗುರುತುಗಳು ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವಳು ಮೇಜಿನ ಮೇಲಿಂದ ಡಬ್ಬಿಯೊಂದನ್ನು ಎತ್ತಿ, ದಾರ ಬಿಡಿಸಿ ಅವನ ಕಡೆ ಚಾಚಿದಳು.

ಒಳಗೆ ಗಂಗೆಗೆ ಮತ್ತೆ ಕೆಮ್ಮು ಹತ್ತಿತು. ಜಯಂತಿಗೂ. ತಣ್ಣಗಿನ ಗಾಳಿಯಲ್ಲೂ ಅದು ನಿಲ್ಲಲಿಲ್ಲ. ಬೊಮ್ಮಿ ಮಗ್ಗುಲು ಬದಲಿಸಿದಳು.

"ಬಾಗಿಲು ಹಾಕಿ ಹೋಗಿ ಒಡ್ಯಾ. ಧೂಳು ಬರ್ತದೆ."