ಶನಿವಾರದ ಸ್ನಾನ

“ಮೀನು ಹಿಡಿಯೋಕೆ ಹೋದೋರು ಎಲ್ಲಾದ್ರೂ ತಲೆಗೆ ಸ್ನಾನ ಮಾಡ್ಕೊಂಡು ಬರ್ತಾರಾ?”

ಕೊಡದಿಂದ ನೀರು ತುಂಬಿಕೊಡುತ್ತಿದ್ದ ಅಂಬುಜಾ ಯಾರ ಮುಖವನ್ನೂ ನೋಡದೆ ಕೇಳಿದಳು. ಅವಳ ಗಂಡನ ಶವಕ್ಕೆ ನೀರೆರೆಯುತ್ತಿದ್ದ ತಮ್ಮ ವಾಮನನ ಕೈ ಅಲ್ಲೇ ನಿಂತಿತು.

“ಈಗ್ಯಾಕಕ್ಕಾ ಅದು? ಭಾವ ಹೋಗಾಯ್ತು.”

ವೆಸ್ಟ್‌ಲ್ಯಾಂಡ್ಸ್ ಮನೆಯ ಹಿತ್ತಿಲಲ್ಲಿ ಜುಲೈ ಚಳಿ ಮೂಳೆ ಕೊರೆಯುತ್ತಿತ್ತು; ಸಮಭಾಜಕದಾಚೆಯ ಈ ಪರದೇಶದಲ್ಲಿ ಜುಲೈ ಅಂದರೆ ಚಳಿಗಾಲ. ವರ್ಷವಿಡೀ ಅವಳ ಗಂಡ ಅನಂತ ಕಾಯುತ್ತಿದ್ದುದೇ ಮೀನು ಚೆನ್ನಾಗಿ ಸಿಗುವ ಈ ಚಳಿಗೆ.

*

ಕಾಲೇಜಿನಲ್ಲಿ ಗಣಿತ ಹೇಳುವ ಅನಂತ ಶನಿವಾರ ಬೆಳಗಾದರೆ ಗೆಳೆಯ ವಲೇರಿಯನ್ನನ ಪ್ಯೂಜೊ ಕಾರು ಹತ್ತುವನು. ಅಬರ್ಡೇರ್ ಬೆಟ್ಟದ ಹೊಳೆಯಲ್ಲಿ ಸೊಂಟದ ತನಕ ನಿಂತು, ಗರಿ ಸುತ್ತಿದ ಗಾಳ ಬೀಸಿ ಟ್ರೌಟ್ ಮೀನು ಹಿಡಿಯುವುದು. ಹಿಡಿದದ್ದನ್ನೆಲ್ಲ ಮತ್ತೆ ನೀರಿಗೇ ಬಿಡುವುದು. ಹಾಗಂತ ಅವನ ಮಾತು. ಈರುಳ್ಳಿಯನ್ನೂ ಒಳಗೆ ಸೇರಿಸದ ಮನೆ. ಅವನು ಬರಿಗೈಯಲ್ಲಿ ಬಂದರೆ ಅಂಬುಜಾಳಿಗೆ ಸಮಾಧಾನವೇ ಆಗಬೇಕಿತ್ತು. ಆದರೆ ಸಂಜೆ ದೇವರ ಮುಂದೆ ಪದ್ಯ ಓದಲು ಕೂತವನ ಒದ್ದೆ ಕೂದಲಿನಿಂದ ಈ ಮನೆಯದಲ್ಲದ ಸೋಪಿನ ವಾಸನೆ.

“ಹೊಳೇಲಿ ಸೋಪೂ ಸಿಗುತ್ತೇನ್ರೀ?”

“ನೀನೊಬ್ಳು!” ಎಂದು ನಕ್ಕು ಅವನು ರಾಗ ಎತ್ತುವನು. ಪದ್ಯ ಅವಳ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

*

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ವಲೇರಿಯನ್ ಬಂದ. ಹಿಂದೆ ಅವನ ತಂಗಿ ರೊಸಲಿನ್. ಗಂಡ ತೀರಿಕೊಂಡ ಮೇಲೆ ಅವಳು ಇದೇ ಊರಿನ ಹರ್ಲಿಂಗ್‌ಹ್ಯಾಮಿನಲ್ಲಿ ಅಣ್ಣನ ಮನೆಯಲ್ಲೇ ಇದ್ದಳು. ಅವಳು ಹತ್ತಿರ ಬಂದದ್ದೇ ತಡ, ಅದೇ ವಾಸನೆ. ಅಂಬುಜಾ ಎದ್ದು ನಿಂತಳು.

“ಶನಿವಾರ ಇವರು ನಿಮ್ಮನೇಲಿರ್ತಿದ್ರಾ?”

ವಲೇರಿಯನ್ ತಲೆ ತಗ್ಗಿಸಿದ. “ಸ್ನಾನಕ್ಕೆ ಮಾತ್ರ ಅಕ್ಕಾ. ಮೀನು ಮುಟ್ಟಿದ ಮೈಯಲ್ಲಿ ನಿಮ್ಮ ದೇವರ ಕೋಣೆಗೆ ಹೋಗ್ಲಿಕ್ಕೆ ಅವರಿಗೆ ಮನಸ್ಸು ಬರ್ತಿರ್ಲಿಲ್ಲ. ಇವಳು ನೀರು ಕಾಯಿಸಿ ಇಡ್ತಿದ್ದಳು. ಅಷ್ಟೇ.”

“ಅಷ್ಟೇ ಆಗಿದ್ರೆ ನನ್ಹತ್ರ ಹೇಳೋಕೇನಾಗಿತ್ತು?”

“ನಿಮಗೆ ಹೇಸಿಗೆ ಆಗ್ತದೆ ಅಂತ...”

ಅವನ ಮಾತು ನಿಜವಿದ್ದರೂ ಇರಬಹುದು. ಆದರೆ ಅಂಬುಜಾಳ ಕಣ್ಣು ರೊಸಲಿನಳ ಮೇಲಿತ್ತು. ನೀರು ಕಾಯಿಸಿ ಇಟ್ಟವಳು ಹೀಗೆ ಸೆರಗು ಬಾಯಿಗೆ ತುರುಕಿಕೊಂಡು ಅಳುವುದುಂಟೆ?

ಮುಖ ಮುಚ್ಚಲು ವಾಮನ ಬಿಳಿ ಬಟ್ಟೆ ಎತ್ತಿಕೊಂಡ. ರೊಸಲಿನ್ ಅಣ್ಣನನ್ನು ದಾಟಿ ಮುಂದೆ ಬಂದಳು.

“ಅಕ್ಕಾ, ಒಮ್ಮೆ ಮುಖ ನೋಡ್ಲಿಕ್ಕೆ ಬಿಡ್ತೀರಾ?”

ಅಂಬುಜಾ ತಮ್ಮನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ತಾನೇ ಅದನ್ನು ಗಂಡನ ಹಣೆಯ ಮೇಲಕ್ಕೆಳೆದು, ಎರಡೂ ಅಂಚು ಅಂಗೈಯಿಂದ ಒತ್ತಿ ಹಿಡಿದಳು.

“ಇಲ್ಲ. ಬಿಡಲ್ಲ.”